ಮಗನ ಕೈಯ ನರುಲಿ ತಾನಾಗೇ ಹೋಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 9 ವರ್ಷ. ಬಲಗೈ ಬೆರಳುಗಳ ಮೇಲೆ ಐದಾರು ನರುಲಿ ಎದ್ದಿವೆ. ನೋವೇನಿಲ್ಲ. ಕುದುರೆ ಬಾಲದ ಕೂದಲು ಕಟ್ಟಿದರೆ ಉದುರುತ್ತವೆ ಅಂತ ನಮ್ಮತ್ತೆ ಹಟ ಹಿಡಿದಿದ್ದಾರೆ. ಸುಮ್ನೆ ಬಿಟ್ಟರೆ ಹೋಗುವುದಿಲ್ಲವಾ?
– ಒಬ್ಬ ತಾಯಿ, ಪಾಂಡವಪುರ

ಉತ್ತರ: ಹೋಗುತ್ತವೆ ತಾಯಿ, ಆದರೆ ನಿಧಾನವಾಗಿ. ಸುಮಾರು ಅರ್ಧದಷ್ಟು ಮಕ್ಕಳಿಗೆ ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಮಕ್ಕಳಿಗೆ 2 ವರ್ಷದೊಳಗೆ ಔಷಧಿಯಿಲ್ಲದೇ ವಾಸಿಯಾಗುತ್ತದೆ. ನರುಲಿಗೆ ಕಾರಣ ಎಚ್‌ಪಿವಿ ಅನ್ನುವ ವೈರಸ್. ಅದು ಚರ್ಮದ ಮೇಲ್ಪದರದಲ್ಲೇ ಅಡಗಿರುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ಹಾಗಾಗಿ ಅದು ಅಲ್ಲಿದೆ ಅಂತ ದೇಹಕ್ಕೆ ಗೊತ್ತಾಗುವುದೇ ತಡವಾಗಿ. ಗೊತ್ತಾದ ಮೇಲೆ ಎಷ್ಟೋ ಸಲ ಎಲ್ಲವೂ ಒಟ್ಟಿಗೇ ಕರಗುತ್ತವೆ, ಕಲೆಯೂ ಉಳಿಯುವುದಿಲ್ಲ. ದೇವರ ಕೊಳಕ್ಕೆ ಉಪ್ಪು, ಬೆಲ್ಲ ಹಾಕಿ ಹರಕೆ ತೀರಿಸಿದವರಿಗೆ ವಾಸಿಯಾಗುವುದೂ ಹೀಗೇ. ಆ ಹರಕೆಯಿಂದ ಚರ್ಮಕ್ಕೆ ತೊಂದರೆಯಿಲ್ಲ, ನಾನು ಬೇಡ ಅನ್ನುವುದಿಲ್ಲ.

ಕುದುರೆ ಕೂದಲು ಮಾತ್ರ ಬೇಡವೇ ಬೇಡ. ಮೈಸೂರಿನ ಟಾಂಗಾದವರ ಹತ್ತಿರ ಕೇಳಿ ತಂದು ಕಟ್ಟಿ, ಬೆರಳು ಊದಿ ಕೀವಾದ ಮೇಲೆ ಮಕ್ಕಳನ್ನು ನನ್ನ ಹತ್ತಿರ ಕರೆತಂದವರಿದ್ದಾರೆ. ಆ ಮಕ್ಕಳ ಅಳು ಕೇಳಲಾಗುವುದಿಲ್ಲ. ಅಷ್ಟು ಮಾಡಿದರೂ ಸುತ್ತಲ ಚರ್ಮದಲ್ಲಿ ವೈರಸ್ ಉಳಿದಿರುತ್ತದೆ, ಮತ್ತೆ ಏಳುತ್ತದೆ. ಸುಣ್ಣ, ಸೋಡಾ ಕಲಸಿ ಹಚ್ಚುವುದು ಇನ್ನೂ ಕೆಟ್ಟದ್ದು. ಸುಟ್ಟ ಕಲೆ ಹೋಗುವುದಿಲ್ಲ.

ಮಗ ಉಗುರು ಕಚ್ಚುತ್ತಾನಾ ನೋಡಿ. ಕಚ್ಚಿದರೆ ಉಗುರಿನ ಸುತ್ತ, ತುಟಿಗೂ ಹರಡುತ್ತದೆ. ಅವನ ಟವೆಲ್ ಬೇರೆ ಇಡಿ. ಶಾಲೆ ಬಿಡಿಸಬೇಡಿ.

ಕಾಯುವುದು ಕಷ್ಟ ಅನ್ನಿಸಿದರೆ ಸ್ಯಾಲಿಸಿಲಿಕ್ ಆಸಿಡ್ ಇರುವ ಔಷಧಿ ಇದೆ. ಒಮ್ಮೆ ಡಾಕ್ಟರಿಗೆ ತೋರಿಸಿಯೇ ತನ್ನಿ. ರಾತ್ರಿ ಬೆರಳನ್ನು 5 ನಿಮಿಷ ಬೆಚ್ಚಗಿನ ನೀರಲ್ಲಿ ನೆನೆಸಿ, ಒರೆಸಿ, ಸುತ್ತ ವ್ಯಾಸಲೀನ್ ಸವರಿ, ನರುಲಿಯ ಮೇಲಷ್ಟೇ ಹಚ್ಚಿ. 3 ತಿಂಗಳು ಬಿಡದೆ ಹಚ್ಚಬೇಕಾಗಬಹುದು. ಜಾಸ್ತಿ ಜನ ಹದಿನೈದು ದಿನಕ್ಕೇ ಬಿಟ್ಟುಬಿಡುತ್ತಾರೆ. ಮುಖಕ್ಕೆ ಇದನ್ನು ಹಚ್ಚಲೇಬಾರದು. ಲಿಕ್ವಿಡ್ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆಯೂ ಇದೆ, ಆದರೆ ನೋಯುತ್ತದೆ. ಚಿಕ್ಕ ಮಕ್ಕಳಿಗೆ ಅದನ್ನು ಮಾಡಲು ನಾನು ಅವಸರ ಮಾಡುವುದಿಲ್ಲ.

ದೊಡ್ಡವರಿಗಾದರೆ ವಾಸಿಯಾಗಲು ಹಲವು ವರ್ಷ ಹಿಡಿಯಬಹುದು. ಮುಖದ ಮೇಲೆ, ಗುಪ್ತಾಂಗದಲ್ಲಿ, ಸಕ್ಕರೆ ಕಾಯಿಲೆಯವರ ಪಾದದಲ್ಲಿ ಎದ್ದರೆ ಕಾಯಬೇಡಿ. ರಕ್ತ ಬಂದರೆ, ಬೇಗ ಬೇಗ ಬೆಳೆದರೆ, ನಿಮ್ಮ ಮಗನದ್ದನ್ನೂ ತಡಮಾಡದೆ ತೋರಿಸಿ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೇ ಚರ್ಮರೋಗ ವಿಭಾಗ ಇದೆ.