ಅನುಬಿಯಾಸ್ ಬೆಳೆಯುತ್ತಿಲ್ಲವೆಂದು ದೀಪ ಹೆಚ್ಚಿಸಬೇಕೆ?

ಮೀನಿನ ತೊಟ್ಟಿಗೆ ಅನುಬಿಯಾಸ್ ಮತ್ತು ಜಾವಾ ಫರ್ನ್ ಎಂಬ ನೀರುಗಿಡಗಳನ್ನು ತಂದು ಮೂರು ತಿಂಗಳಾದರೂ ಬೆಳೆದಂತೆ ಕಾಣುತ್ತಿಲ್ಲ, ಎಲೆಗಳ ಮೇಲೆ ಪಾಚಿ ಮಾತ್ರ ಕಟ್ಟುತ್ತಿದೆ, ಇನ್ನೊಂದು ಎಲ್‌ಇಡಿ ದೀಪ ಹಾಕಲೇ ಎಂದು ಕೇಳಿದ್ದೀರಿ. ಬೇಡ. ನಾನೂ ವಿಜಯಪುರದಲ್ಲಿ ಇವೇ ಗಿಡಗಳನ್ನು ಬೆಳೆಸುತ್ತಿದ್ದೇನೆ. ಈಗಿರುವ ದೀಪವನ್ನೇ ದಿನಕ್ಕೆ ಆರು ಗಂಟೆಗೆ ಇಳಿಸುವುದು ನೀವು ಮೊದಲು ಮಾಡಬೇಕಾದ ಕೆಲಸ.

ಪಶ್ಚಿಮ ಆಫ್ರಿಕಾದ ಕಾಡುತೊರೆಗಳ ನೆರಳಿನಲ್ಲಿ ಕಲ್ಲು, ಮರದ ದಿಮ್ಮಿಗಳಿಗೆ ಅಂಟಿಕೊಂಡು ಬದುಕುವ ಅನುಬಿಯಾಸ್, ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ ಸಸ್ಯ. ತಿಂಗಳಿಗೆ ಒಂದೆರಡು ಎಲೆ ಬಿಟ್ಟರೆ ಅದೇ ಅದರ ಸಹಜ ಗತಿ; ಬೆಳಕು ಇಮ್ಮಡಿಯಾದ ಮಾತ್ರಕ್ಕೆ ಬೆಳವಣಿಗೆ ಇಮ್ಮಡಿಯಾಗುವುದಿಲ್ಲ. ಗಿಡಕ್ಕೆ ಬೇಡವಾದ ಬೆಳಕು ಪಾಚಿಯ ಪಾಲಾಗುತ್ತದೆ, ಒಂದೊಂದು ಎಲೆಯೂ ಬಹುಕಾಲ ಉಳಿಯುವುದರಿಂದ ಪಾಚಿಗೆ ಅಲ್ಲಿ ನೆಲೆಯೂರಲು ಬೇಕಾದಷ್ಟು ಅವಕಾಶವೂ ಸಿಗುತ್ತದೆ.

ಶುಂಠಿಯಂತೆ ಅಡ್ಡಕ್ಕೆ ಹಬ್ಬುವ ಅನುಬಿಯಾಸ್‌ನ ದಪ್ಪ ಕಾಂಡವನ್ನು ಮರಳಿನಲ್ಲಿ ಹೂತಿದ್ದರೆ ಇಂದೇ ಹೊರತೆಗೆಯಿರಿ, ಇಲ್ಲದಿದ್ದರೆ ಅದು ಕೊಳೆಯುತ್ತದೆ. ಜಾವಾ ಫರ್ನ್‌ಗೂ ಇದೇ ನಿಯಮ. ಎರಡನ್ನೂ ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟಿದರೆ ಸಾಕು. ನಮ್ಮ ಸುತ್ತಮುತ್ತ ಸಿಗುವ ಕರಿಕಲ್ಲಾಗಲಿ, ಇಳಕಲ್ಲಿನ ಗ್ರಾನೈಟಾಗಲಿ ಇದಕ್ಕೆ ಆಗುತ್ತದೆ. ಆದರೆ ಬಾಗಲಕೋಟೆಯ ಕಡೆಯ ಸುಣ್ಣಕಲ್ಲು ನಿಧಾನವಾಗಿ ಕರಗಿ ನೀರಿನ ಗಡಸುತನವನ್ನು ಹೆಚ್ಚಿಸುತ್ತದೆ. ಅನುಮಾನವಿದ್ದರೆ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಆ ಕಲ್ಲು ಬೇಡ.

ನಮ್ಮೂರಿನಲ್ಲಿ ನಿಜವಾದ ತೊಡಕು ಬೆಳಕಿನದಲ್ಲ, ಬೇಸಿಗೆಯದು. ಹೊರಗೆ 40 ಡಿಗ್ರಿ ದಾಟುವ ದಿನಗಳಲ್ಲಿ ತೊಟ್ಟಿಯ ನೀರು 30ರ ಮೇಲೇರಿದರೆ ಜಾವಾ ಫರ್ನ್ ಸೊರಗುತ್ತದೆ. ನೀರಿನಲ್ಲಿ ಕರಗುವ ಆಮ್ಲಜನಕವೂ, 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು, 30ರಲ್ಲಿ ಏಳೂವರೆಗೆ ಇಳಿಯುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಹಾಯಿಸಿದರೆ ಎರಡು ಮೂರು ಡಿಗ್ರಿ ಇಳಿಯುವುದು ನಿಜ, ಆದರೆ ನೀರು ಬೇಗ ಆರುತ್ತದೆ, ಲವಣಗಳು ಮಾತ್ರ ತೊಟ್ಟಿಯಲ್ಲೇ ಉಳಿಯುತ್ತವೆ. ಆ ಕೊರತೆಯನ್ನು ಮತ್ತೆ ಗಡಸಾದ ಬೋರ್‌ವೆಲ್ ನೀರಿನಿಂದ ತುಂಬಿದರೆ ಗಡಸುತನ ವಾರದಿಂದ ವಾರಕ್ಕೆ ಏರುತ್ತಲೇ ಹೋಗುತ್ತದೆ. ಆದ್ದರಿಂದ ಆರಿಹೋದಷ್ಟನ್ನು ಆರ್‌ಓ ನೀರಿನಿಂದ (ಲವಣ ಸೋಸಿ ತೆಗೆದ ನೀರಿನಿಂದ) ತುಂಬಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಮಾತ್ರ ಬೋರ್‌ವೆಲ್ ನೀರನ್ನು ಬಳಸಿ.

ಪಾಚಿ ಗಟ್ಟಿಯಾಗಿ ಕಟ್ಟಿದ ಹಳೆಯ ಎಲೆಗಳನ್ನು ಬುಡದಲ್ಲಿ ಕತ್ತರಿಸಿ ತೆಗೆಯಿರಿ. ಒಂದೇ ಸಲಕ್ಕೆ ಎಲ್ಲವನ್ನೂ ಬೋಳಿಸಬೇಡಿ. ಜಾವಾ ಫರ್ನ್‌ನ ಎಲೆಯಡಿ ಸಾಲಾಗಿ ಮೂಡುವ ಕಂದುಗಪ್ಪು ಉಬ್ಬುಗಳು ಮಾತ್ರ ಪಾಚಿಯೂ ಅಲ್ಲ, ರೋಗವೂ ಅಲ್ಲ, ಅವು ಬೀಜಕಗಳ ಗೊಂಚಲುಗಳು. ಅಂಥ ಎಲೆಗಳನ್ನು ಹಾಗೆಯೇ ಬಿಡಿ.