ಕತ್ತಿನ ಕ್ಯಾಥೆಟರ್ ಮತ್ತು ಡಯಾಲಿಸಿಸ್ ದಿನದ ನಡುಕ

ಪ್ರಶ್ನೆ: ನನ್ನ ತಂದೆಯವರಿಗೆ 61 ವರ್ಷ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಅವರನ್ನು ಹಾಸನಕ್ಕೆ ಕರೆದೊಯ್ಯುತ್ತೇವೆ. ನಾಲ್ಕು ತಿಂಗಳಿಂದ ಕತ್ತಿನ ಬಲಭಾಗದಲ್ಲಿ ಪರ್ಮ್‌ಕ್ಯಾತ್ (ಕತ್ತಿನ ರಕ್ತನಾಳಕ್ಕೆ ಹಾಕಿ ಎದೆಯ ಮೇಲೆ ಹೊರತರುವ ಡಯಾಲಿಸಿಸ್ ನಳಿಕೆ, ಅಂದರೆ ಕ್ಯಾಥೆಟರ್) ಇದೆ. ಕಳೆದ ಮೂರು ಸಲವೂ ಯಂತ್ರಕ್ಕೆ ಜೋಡಿಸಿದ ಮುಕ್ಕಾಲು ಗಂಟೆಯೊಳಗೆ ಹಲ್ಲು ಕಟಕಟಿಸುವಷ್ಟು ನಡುಕ ಬಂತು. ಮಳೆಗಾಲದ ಥಂಡಿಯೆಂದು ಪ್ಯಾರಸಿಟಮಾಲ್ ಕೊಟ್ಟೆವು. ಮನೆ ಸೇರುವಷ್ಟರಲ್ಲಿ ಸರಿಹೋಗುತ್ತದೆ. ಕ್ಯಾಥೆಟರ್ ಸುತ್ತ ಕೀವಿಲ್ಲ, ಕೆಂಪಾಗಿಲ್ಲ. ಚಿಂತಿಸಬೇಕೆ?
– ಓದುಗರು, ಮೂಡಿಗೆರೆ

ಉತ್ತರ: ಖಂಡಿತ ಚಿಂತಿಸಬೇಕು. ನಿಮ್ಮ ಪತ್ರ ಕೈಸೇರಿದ ದಿನವೇ ದೂರವಾಣಿಯಲ್ಲಿ ಹೇಳಿದ್ದನ್ನು ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನ ಥಂಡಿ ಯಂತ್ರ ಶುರುವಾಗುವುದನ್ನು ಕಾದು ಕುಳಿತಿರುವುದಿಲ್ಲ. ಡಯಾಲಿಸಿಸ್ ಆರಂಭವಾದ ಮೇಲೆ ಬರುವ ನಡುಕವನ್ನು, ಬೇರೆ ಕಾರಣ ಸಿದ್ಧವಾಗುವವರೆಗೆ, ಕ್ಯಾಥೆಟರ್ ಸೋಂಕೆಂದೇ ಭಾವಿಸಬೇಕು. ಬಾವಿಕಟ್ಟೆಗೆ ಪಾಚಿ ಹಿಡಿಯುವಂತೆ ನಳಿಕೆಯ ಒಳಗೋಡೆಗೆ ಬ್ಯಾಕ್ಟೀರಿಯಾಗಳ ಲೋಳೆಪದರ ಹಿಡಿದಿರುತ್ತದೆ. ಪಂಪ್ ರಕ್ತವನ್ನು ಎಳೆದು ತಳ್ಳತೊಡಗಿದಾಗ ಅದು ಕಿತ್ತುಬಂದು, ನಳಿಕೆಯ ತುದಿ ಹೃದಯದ ಬಾಗಿಲಲ್ಲೇ ಇರುವುದರಿಂದ, ನೇರವಾಗಿ ರಕ್ತಪ್ರವಾಹಕ್ಕೆ ಸೇರುತ್ತದೆ. ಹೀಗಾಗಿ ಹೊರಗೆ ಕೀವಿಲ್ಲವೆಂಬುದು ಸಮಾಧಾನದ ಮಾತಲ್ಲ.

ಪ್ಯಾರಸಿಟಮಾಲ್ ಜ್ವರವನ್ನು ಮರೆಮಾಡುತ್ತದೆಯೇ ಹೊರತು ಸೋಂಕನ್ನು ಮುಟ್ಟುವುದಿಲ್ಲ. ಆಗಬೇಕಾದದ್ದು ಬ್ಲಡ್ ಕಲ್ಚರ್ (ರಕ್ತದಲ್ಲಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಗುರುತಿಸುವ ಪರೀಕ್ಷೆ), ಅದೂ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಕೊಡುವ ಮುನ್ನ: ಒಂದು ಮಾದರಿ ಕ್ಯಾಥೆಟರ್‌ನಿಂದ, ಇನ್ನೊಂದು ಕೈಯ ರಕ್ತನಾಳದಿಂದ ಅಥವಾ ಡಯಾಲಿಸಿಸ್ ಸರ್ಕ್ಯೂಟ್‌ನಿಂದ (ಯಂತ್ರದಲ್ಲಿ ರಕ್ತ ಹರಿಯುವ ಕೊಳವೆಗಳಿಂದ). ಯಾವ ಬ್ಯಾಕ್ಟೀರಿಯಾ ಎಂಬುದರ ಮೇಲೆ ನಳಿಕೆ ಉಳಿಸುವುದೋ ತೆಗೆಯುವುದೋ ನಿರ್ಧಾರವಾಗುತ್ತದೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಆದರೆ ಹೃದಯದ ಕವಾಟಕ್ಕೂ ಬೆನ್ನುಮೂಳೆಗೂ ಹೋಗಿ ಕೂರಬಲ್ಲದು. ಆದ್ದರಿಂದ ಹೊಸದಾಗಿ ಬೆನ್ನುನೋವು ಕಾಣಿಸಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ಹೇಳಿ.

ತಡೆಯುವ ಮಾತಿಗೆ ಬಂದರೆ, ಅಮೆರಿಕದ ಮಿಷಿಗನ್ ರಾಜ್ಯದ ತೀವ್ರನಿಗಾ ಘಟಕಗಳಲ್ಲಿ ಕೈತೊಳೆಯುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುಚಿಗೊಳಿಸುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು ಮೊದಲಾದ ಐದು ಸರಳ ಕ್ರಮಗಳಿಂದಲೇ ಇಂಥ ಸೋಂಕು ಗರಿಷ್ಠ ಶೇಕಡಾ 66ರಷ್ಟು ಕಡಿಮೆಯಾದದ್ದು 2006ರಲ್ಲಿ ಪ್ರಕಟವಾಯಿತು. ನಿಮ್ಮ ಕಣ್ಣು ಇರಬೇಕಾದದ್ದು ಕ್ಯಾಪ್ ಬಿಚ್ಚುವ ಆ ಕೆಲವು ಕ್ಷಣಗಳ ಮೇಲೆ. ಸಿಬ್ಬಂದಿಗೂ ತಂದೆಯವರಿಗೂ ಮಾಸ್ಕ್ ಇರಬೇಕು, ತಂದೆಯವರ ಮುಖ ಆಚೆ ತಿರುಗಿರಬೇಕು, ನಳಿಕೆಯ ಬಾಯನ್ನು ಸೋಂಕುನಿವಾರಕದಿಂದ ಉಜ್ಜಿ ಒಣಗಲು ಬಿಡಬೇಕು. ಇದು ಆಗದಿದ್ದರೆ ವಿನಯದಿಂದಲೇ ಕೇಳಿ. ಕೇಳುವುದು ನಿಮ್ಮ ಹಕ್ಕು. ಪಾರದರ್ಶಕ ಡ್ರೆಸ್ಸಿಂಗ್ ಏಳು ದಿನ, ಗಾಜ್ (ತೆಳು ಜಾಳಿಗೆ ಬಟ್ಟೆ) ಎರಡು ದಿನ ಎಂಬ ಲೆಕ್ಕವೆಲ್ಲ ಅದು ಒಣಗಿರುವವರೆಗೆ ಮಾತ್ರ. ಬಸ್ಸಿಳಿದು ನಡೆಯುವಾಗ ಕೊಡೆಯ ಹನಿ ಬಿದ್ದು ಅಂಚು ಎದ್ದಿದ್ದರೂ ಅಂದೇ ಬದಲಾಯಿಸಬೇಕು. ತಲೆಗೆ ನೀರು ಹುಯ್ದುಕೊಳ್ಳುವುದು ಬೇಡ. ಎದೆಯಿಂದ ಕೆಳಗೆ ಸ್ನಾನ, ಮೇಲೆ ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನೊಂದು ಮಾತು. ನಾಲ್ಕು ತಿಂಗಳಾದರೂ ಫಿಸ್ಟುಲಾದ (ಡಯಾಲಿಸಿಸ್‌ಗೆಂದು ಕೈಯ ಎರಡು ರಕ್ತನಾಳಗಳನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸುವುದು) ಪ್ರಸ್ತಾಪ ನಿಮ್ಮ ಪತ್ರದಲ್ಲಿ ಇಲ್ಲದಿರುವುದು ನನಗೆ ಬೇಸರ ತಂದಿದೆ. ಕೈಯ ಫಿಸ್ಟುಲಾ ಬಲಿಯಲು ಸಾಮಾನ್ಯವಾಗಿ ಆರು ವಾರದಿಂದ ಮೂರು ತಿಂಗಳು ಬೇಕು. ಈ ಜ್ವರ ಹತೋಟಿಗೆ ಬಂದ ಕೂಡಲೇ ಅದನ್ನು ಕೇಳಿ. ಅಲ್ಲಿಯವರೆಗೆ ಫಿಸ್ಟುಲಾ ಮಾಡಬೇಕಾದ ಕೈಗೆ ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿ.

ಪ್ರಶ್ನೆ: ಮನೆಯಲ್ಲಿ ನಳಿಕೆಯ ಕ್ಯಾಪ್ ಕಳಚಿ ಬಿದ್ದರೆ, ಅಥವಾ ನಳಿಕೆಯೇ ಹೊರಬಂದರೆ ಏನು ಮಾಡಬೇಕು?
– ಓದುಗರು, ಚಿಕ್ಕಮಗಳೂರು

ಉತ್ತರ: ಕ್ಯಾಪ್ ಬಿದ್ದರೆ ಮೊದಲು ನಳಿಕೆಯನ್ನು ಬಿಗಿದು ಮುಚ್ಚುವ ಕ್ಲ್ಯಾಂಪ್ ಮುಚ್ಚಿದೆಯೇ ನೋಡಿ, ತೆರೆದಿದ್ದರೆ ತಕ್ಷಣ ಒತ್ತಿ ಮುಚ್ಚಿ, ಇಲ್ಲವಾದರೆ ಗಾಳಿ ಹೃದಯಕ್ಕೆ ಹೋಗಬಹುದು. ನೆಲಕ್ಕೆ ಬಿದ್ದ ಕ್ಯಾಪನ್ನು ಮತ್ತೆ ಹಾಕಬೇಡಿ. ನಳಿಕೆಯ ಬಾಯಿಗೆ ಶುದ್ಧ ಗಾಜ್ ಸುತ್ತಿ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದಂತಾದರೆ ತಲೆ ತಗ್ಗಿರುವಂತೆ ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ನಳಿಕೆಯೇ ಹೊರಬಂದರೆ ಮಲಗಿಸಿ, ಎದೆಯ ಮೇಲಿನ ರಂಧ್ರವನ್ನಷ್ಟೇ ಅಲ್ಲ, ಕಾಲರ್ ಮೂಳೆಯ ಮೇಲೆ ಅದು ರಕ್ತನಾಳ ಹೊಕ್ಕ ಜಾಗವನ್ನೂ ಗಟ್ಟಿಯಾಗಿ ಒತ್ತಿಹಿಡಿಯಿರಿ. ಆಸ್ಪತ್ರೆ ಸೇರುವವರೆಗೆ ಒತ್ತಿದ ಕೈ ಸಡಿಲಿಸಬೇಡಿ.