ತೋಟದ ಆನೆ ಬೇರೆ, ರೂಮಿನ ಆನೆ ಬೇರೆ

ಪ್ರಶ್ನೆ: ಮೇಡಂ, ನಮ್ಮ ಸಂಘದ ಸಭೆಗೆ ಬೆಂಗಳೂರಿನಿಂದ ಬಂದಿದ್ದ ಆಡಿಟರ್ ಒಬ್ಬರು ಬಾಕಿ ಸಾಲದ ಮಾತೆತ್ತುತ್ತಾ ‘ಎಲಿಫೆಂಟ್ ಇನ್ ದ ರೂಮ್’ ಅಂದರು. ಹಿಂದೆ ಕೂತಿದ್ದವರು ಎಲಿಫೆಂಟ್ ಅಂದದ್ದೇ ತಡ, ಎದ್ದು ನಿಂತರು! ಏನು ಇದರ ಅರ್ಥ? ‘ವೈಟ್ ಎಲಿಫೆಂಟ್’ ಅನ್ನುವುದೂ ಇದನ್ನೇನಾ?
(ಓದುಗರು, ಸಕಲೇಶಪುರ)

ಉತ್ತರ: ಎದ್ದು ನಿಂತವರದ್ದು ತಪ್ಪಿಲ್ಲ ಬಿಡಿ. ನಮ್ಮ ಆಲೂರು, ಸಕಲೇಶಪುರದ ಕಡೆ ಆನೆ ಅಂದರೆ ಮೊದಲು ಬಾಗಿಲು ನೋಡಬೇಕಾದದ್ದೇ.

ಆಡಿಟರ್ ಹೇಳಿದ ಆನೆ ಎಲ್ಲರ ಕಣ್ಣಿಗೂ ಬಿದ್ದಿರಬೇಕು, ಆದರೆ ಅದರ ಬಗ್ಗೆ ಯಾರೂ ಬಾಯಿ ಬಿಟ್ಟಿರಬಾರದು. ಸಮಸ್ಯೆ ದೊಡ್ಡದಾಗಿದ್ದರೆ ಮಾತ್ರ ಸಾಲದು. ಹಾಗಾಗಿ ನಮ್ಮ ಕಾಡಾನೆ ಈ ಲೆಕ್ಕಕ್ಕೇ ಬರುವುದಿಲ್ಲ. ಬೆಳಗಾದರೆ ವಾಟ್ಸಾಪಿನಲ್ಲಿ ಅದರದೇ ಸುದ್ದಿ: ಯಾವ ತೋಟದಲ್ಲಿದೆ, ಯಾರ ಬೈನೆ ಮರ ಮುರಿಯಿತು, ಕೆಲಸದವರನ್ನು ಕಳಿಸಬಹುದಾ?

ಸರಿಯಾದ ಉದಾಹರಣೆ ಬೇಕಾದರೆ ಇನ್ನೂ ಪಾಲಾಗದ ತೋಟದ ಮನೆಯ ತಿಥಿ ಊಟಕ್ಕೆ ಹೋಗಿ. ಅಣ್ಣತಮ್ಮಂದಿರು ಅಕ್ಕಪಕ್ಕವೇ ಕೂತಿರುತ್ತಾರೆ. ನಿಮ್ಮಲ್ಲಿ ಎಷ್ಟು ಇಂಚು ಮಳೆ, ರೊಬಸ್ಟಾ ಮೂಟೆಗೆ ಎಷ್ಟಾಯ್ತು, ಮೆಣಸು ಮಾರಿದ್ರಾ ಇಟ್ಕೊಂಡಿದ್ದೀರಾ, ಎಲ್ಲಾ ಮಾತೂ ಬರುತ್ತದೆ. ಪಾಲಿನ ಮಾತು ಮಾತ್ರ ಇಲ್ಲ. ಪಾಯಸ ಬಡಿಸುವ ಹೊತ್ತಿಗೆ ಅಳಿಯ, ‘ಅಲ್ಲ ಮಾವ, ತೋಟದ ಪತ್ರ ಯಾವಾಗ ಮಾಡ್ಸೋದು?’ ಅಂತ ಕೇಳಿಬಿಡುತ್ತಾನೆ ಅಂದುಕೊಳ್ಳಿ. ಇಂಗ್ಲಿಷಿನವರು ‘ಅಡ್ರೆಸ್ಸಿಂಗ್ ದ ಎಲಿಫೆಂಟ್ ಇನ್ ದ ರೂಮ್’ ಅನ್ನುವುದು ಇದಕ್ಕೇ.

ರಷ್ಯಾದ ಇವಾನ್ ಕ್ರಿಲೋವ್ 1814ರಲ್ಲಿ ಬರೆದ ಒಂದು ಕಥೆಯಲ್ಲಿ, ಮ್ಯೂಸಿಯಂಗೆ ಹೋದವನೊಬ್ಬ ನೊಣ, ಜೀರುಂಡೆಗಳನ್ನೆಲ್ಲ ಬಾಯ್ತುಂಬಾ ಹೊಗಳಿ, ಆನೆಯನ್ನು ಮಾತ್ರ ನೋಡಲೇ ಇಲ್ಲ ಅನ್ನುತ್ತಾನೆ. ಇಂಗ್ಲಿಷಿನ ಮಾತಿಗೆ ಇದೇ ಮೂಲ ಅಂತ ಹೇಳುವವರಿದ್ದಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಅವನಿಗೆ ಆನೆ ಕಂಡೇ ಇರಲಿಲ್ಲ, ನಮ್ಮ ಅಣ್ಣತಮ್ಮಂದಿರಿಗೆ ಚೆನ್ನಾಗಿಯೇ ಕಂಡಿದೆ! 1959ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಶಾಲೆಗಳಿಗೆ ಹಣ ಹೊಂದಿಸುವ ಕಷ್ಟವನ್ನು ಹಜಾರದಲ್ಲಿ ನಿಂತ ಆನೆಗೆ ಹೋಲಿಸಿತ್ತು. ಆಗಿನ ಅರ್ಥ ಕಡೆಗಣಿಸಲಾಗದಷ್ಟು ದೊಡ್ಡದು ಅಂತಷ್ಟೇ. ಮೌನದ ಅರ್ಥ ಗಟ್ಟಿಯಾದದ್ದು ಆಮೇಲೆ. 1984ರಲ್ಲಿ ಅಮೆರಿಕದಲ್ಲಿ, ಕುಡಿತದ ಚಟವಿರುವವರ ಮಕ್ಕಳಿಗಾಗಿ ‘ಆನ್ ಎಲಿಫೆಂಟ್ ಇನ್ ದ ಲಿವಿಂಗ್ ರೂಮ್’ ಅನ್ನುವ ಪುಸ್ತಕ ಬಂತು. ಅಪ್ಪ ಕುಡಿದು ಬಂದ ರಾತ್ರಿ ಎಲ್ಲರೂ ಸುಮ್ನೆ ತಟ್ಟೆ ನೋಡಿಕೊಂಡು ಉಣ್ಣುವ ಮನೆಯ ಮಕ್ಕಳಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗುಟ್ಟಿಗೆ ಇದನ್ನು ಬಳಸಬೇಡಿ. ನಿಮಗೊಬ್ಬರಿಗೇ ಗೊತ್ತಿರುವುದು ರೂಮಿನ ಆನೆಯಲ್ಲ.

ವೈಟ್ ಎಲಿಫೆಂಟ್ ಬೇರೆಯೇ. ಸಾಕೋದಕ್ಕೆ ದುಡ್ಡು ಸುರಿಯಬೇಕು, ಉಪಯೋಗ ಮಾತ್ರ ಅಷ್ಟಕ್ಕಷ್ಟೇ. ಪೇಪರಿನವರು ಬರೆಯುವ ‘ಬಿಳಿಯಾನೆ’ ಇದೇ. ಇದರ ಬಗ್ಗೆ ಎಷ್ಟು ಗಲಾಟೆ ಮಾಡಿದರೂ ಅರ್ಥ ಕೆಡುವುದಿಲ್ಲ.